ಮೊಹರು ಇನ್ನೊಬ್ಬರ ಕೈಯಲ್ಲಿರುವಾಗ

ಮಾತನ್ನು ಕೊಟ್ಟವನೂ ಮಾತು ಮಾತಿನ ನಡುವೆ ಮೌನವನ್ನಿಟ್ಟವನೂ ಆದ ಭಗವಂತನ ಪಾದಗಳಿಗೆ ಶಿರಸಾ ನಮಸ್ಕರಿಸಿ,

ಮನೆಯಿಂದ, ನಡುಮನೆಯ ಕಿಟಕಿಯ ಮೇಜು.
ನವೆಂಬರ್ ತಿಂಗಳ ಇಪ್ಪತ್ತೊಂದನೆಯ ದಿನ, ಗುರುವಾರ. ಹುಣ್ಣಿಮೆ ಕಳೆದ ಆರನೆಯ ಬೆಳಗು.

ಚಿರಂಜೀವಿ ಮಗನಿಗೆ ನಿನ್ನ ತಂದೆಯ ತುಂಬುಹೃದಯದ ಹರಕೆಗಳು.

ಮೊದಲು ನಿನ್ನ ಮೈಯ ಸಮಾಚಾರ. ಎಡ ಮುಂಗೈಗೆ ಬಿಸಿ ಕೊಳವೆ ತಾಗಿ ಎದ್ದಿದ್ದ ಬೊಕ್ಕೆ ಒಣಗಿತೆ? ಬಲಗಿವಿಯಲ್ಲಿ ಗುಂಯ್‌ಗುಟ್ಟುತ್ತಿದ್ದ ಸದ್ದು ತಗ್ಗಿತೆ? ಕಿವಿಯ ಮುಚ್ಚಳಗಳನ್ನು ತೊಡದೆ ಹಡಗಿನ ಇಂಜಿನ್ ಕೋಣೆಗೆ ಇಳಿಯಬೇಡ. ನಿನ್ನ ಮೇಲಧಿಕಾರಿ ತೊಡುವುದಿಲ್ಲವೆಂದು ನೀನೂ ಬಿಟ್ಟರೆ ಆತನ ಕಿವಿಯನ್ನು ಆತನೂ ನಿನ್ನದನ್ನು ನೀನೂ ಕಳೆದುಕೊಳ್ಳುವಿರಿ, ಅಷ್ಟೆ. ಇಲ್ಲಿ ನಾವು ದೈವಕೃಪೆಯಿಂದ ಕ್ಷೇಮ. ನನ್ನ ಮಂಡಿನೋವು ಬೆಳಿಗ್ಗೆ ನನಗಿಂತ ಮೊದಲು ಏಳುತ್ತದೆ, ಉಳಿದಂತೆ ದೂರಿಲ್ಲ. ಸೊಸೆಗೆ ಈ ತಿಂಗಳು ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡು, ಮಧ್ಯಾಹ್ನದ ಪಾಳಿ. ಅಲ್ಲಿ ಅಳುವ ಮಕ್ಕಳನ್ನು ಸುಮ್ಮನಾಗಿಸಿ ಬಂದು ಇಲ್ಲಿ ಮಾತಾಡುವ ಮುದುಕನನ್ನು ಸುಮ್ಮನಾಗಿಸುವುದೇ ತನ್ನ ಬದುಕಾಯಿತೆಂದು ನಗುತ್ತಾಳೆ. ಚಿನಕುರುಳಿ ನಿನ್ನ ಹಳೆಯ ಸ್ವೆಟರನ್ನು ತನ್ನದೆಂದು ಘೋಷಿಸಿ ತೊಟ್ಟು ತಿರುಗುತ್ತಿದ್ದಾಳೆ. ತೋಳು ಎರಡು ಬೆರಳು ಉದ್ದ, ಅಷ್ಟೆ. ಹದಿಮೂರು ತುಂಬಿದ ಮಗಳು ನಿನಗಿರುವಳೆಂಬುದನ್ನು ಮುಂದಿನ ಬಾರಿ ಕಂಡಾಗ ನಂಬಲು ಕಷ್ಟವಾದೀತು. ಈ ಸಲವೂ ನಿನಗೆ ರಜೆಯಿಲ್ಲವೆಂಬುದನ್ನು ಕಳೆದ ತಿಂಗಳ ಕೊನೆಗೆ ನೀನು ಬಂದರಿನಿಂದ ಮಾತಾಡಿದಂದೇ ಅವಳಿಗೆ ತಿಳಿಸಿದೆ. ಮುಖ ಸಪ್ಪೆ ಮಾಡಿ, ಆ ಸ್ವೆಟರಿನ ತೋಳಿನಿಂದಲೇ ಮೂಗೊರೆಸಿಕೊಂಡು ಹೊರಟುಹೋದಳು.

ಅವಳ ವಿಷಯವಾಗಿಯೇ ಈ ಪತ್ರ. ಹೆದರಬೇಡ, ಕೈಕಾಲು ನೆಟ್ಟಗಿವೆ, ಓದೂ ನಡೆಯುತ್ತಿದೆ. ಆದರೆ ನೀನು ಕಡಲ ನಡುವೆ ಇದ್ದ ಈ ಮೂರು ವಾರಗಳಲ್ಲಿ ಇಲ್ಲೊಂದು ಸಂಗತಿ ನಡೆದುಹೋಯಿತು. ನಿನ್ನ ಹೆಂಡತಿ ಎರಡು ಸಾಲಿನಲ್ಲಿ ತಿಳಿಸಿಬಿಡಬಹುದಿತ್ತು, ಹಾಗೆ ಮಾಡಲಿಲ್ಲ. "ಇದನ್ನ ನೀವೇ ಬರೀಬೇಕು ಮಾವ" ಎಂದು ಪೆನ್ನು ತಂದು ಮುಂದಿಟ್ಟಳು. ನಾಲ್ಕು ಸಲ ಬರೆದು ನಾಲ್ಕು ಸಲ ಹರಿದೆ. ಮೂರನೆಯದನ್ನು ಓದಿ ನೋಡಿ, "ಇದು ಪತ್ರಾನೋ ಪಾಠಾನೋ? ಎರಡನೇ ಪುಟ ಮುಗಿದ್ರೂ ವಿಷಯ ಇನ್ನೂ ಮನೆಯಿಂದ ಹೊರಟಿಲ್ಲ" ಎಂದಳು. ಆದಕಾರಣ ಐದನೆಯ ಸಲ ವಿಷಯವನ್ನು ನೇರವಾಗಿ ಹೇಳುವೆನು.

ಚಿನಕುರುಳಿಯ ಶಾಲೆಯಲ್ಲಿ ಗ್ರಂಥಾಲಯವನ್ನು ನೋಡಿಕೊಳ್ಳುವ ಹೆಣ್ಣುಮಗಳೊಬ್ಬಳಿದ್ದಾಳೆ. ಮಕ್ಕಳು ಅವಳನ್ನು ಲೈಬ್ರರಿ ಮಿಸ್ ಎನ್ನುತ್ತಾರೆ. ನಲವತ್ತರ ಸುಮಾರು; ಹಳದಿ ಚೌಕಟ್ಟಿನ ಕನ್ನಡಕ; ಯಾವ ಪುಸ್ತಕ ಯಾವ ಕಪಾಟಿನಲ್ಲಿ ಎಷ್ಟನೆಯದೆಂಬುದನ್ನು ನೋಡದೆ ಹೇಳಬಲ್ಲಳು. ಅವಳಿಗೆ ಉಗ್ಗು. ಪುಸ್ತಕ ಕೊಡುವಾಗ ಹೆಚ್ಚು ಮಾತು ಬೇಕಿಲ್ಲವಾದ್ದರಿಂದ ಹದಿನಾರು ವರ್ಷ ಆ ಕೋಣೆಯಲ್ಲಿ ಅವಳ ಕೆಲಸ ಸುಸೂತ್ರವಾಗಿ ನಡೆದಿತ್ತು: ಪುಸ್ತಕ ತೆರೆಯುವುದು, ಕೊನೆಯ ಹಾಳೆಯಲ್ಲಿ ತಾರೀಖಿನ ಮೊಹರು ಒತ್ತುವುದು, ಒಂದು ನಗೆ ನಕ್ಕು ಕಳುಹಿಸುವುದು. ಈ ತಿಂಗಳ ಎರಡನೆಯ ತಾರೀಖು, ಶನಿವಾರ, ನಿನ್ನ ಮಗಳು ಗೆಳತಿಯೊಬ್ಬಳ ಫೋನಿನ ಮುಂದೆ ನಿಂತು, "ಮಕ್ಕಳೇ, ಪು... ಪು... ಪುಸ್ತಕ ವಾಪಸ್ ತ... ತ... ತನ್ನಿ" ಎಂದು ಆಕೆಯ ಹಾಗೆಯೇ ಕಣ್ಣು ಮುಚ್ಚಿ, ಕತ್ತು ಅಲುಗಿಸಿ ಅಭಿನಯಿಸಿದಳು. ಎಷ್ಟು ಚೆನ್ನಾಗಿ ಅಭಿನಯಿಸಿದಳೆಂದರೆ ಭಾನುವಾರ ಸಂಜೆಯೊಳಗೆ ಅದು ಇಡೀ ಶಾಲೆಯ ಫೋನುಗಳನ್ನು ಸುತ್ತಿಬಂದಿತ್ತು. ಸೋಮವಾರ ಬೆಳಗಿನ ಪ್ರಾರ್ಥನೆಯ ಸಮಯ, ಓದುವ ಸ್ಪರ್ಧೆಯ ವಿಷಯ ತಿಳಿಸಲು ಲೈಬ್ರರಿ ಮಿಸ್ ಮೈಕಿನ ಮುಂದೆ ನಿಂತಳು. "ಪು" ಎಂದಳು. ಇನ್ನೂರು ಮಕ್ಕಳು ಒಂದೇ ಕಂಠದಿಂದ "ಪುಪುಪುಸ್ತಕ" ಎಂದರು. ಆಕೆ ಮೈಕನ್ನು ಕೆಳಗಿಟ್ಟಳು. ಗ್ರಂಥಾಲಯದ ಬೀಗದ ಕೈಯನ್ನು ಮುಖ್ಯೋಪಾಧ್ಯಾಯಿನಿಯ ಕೈಗಿತ್ತಳು. ಗೇಟು ದಾಟಿ ನಡೆದುಬಿಟ್ಟಳು. ಆಮೇಲೆ ಹತ್ತು ದಿನ ಆ ಕೋಣೆ ಬೀಗ ತೆರೆಯಲಿಲ್ಲ.

ನಿನ್ನ ಮಗಳಿಗೆ ವರ್ಗಾವಣೆ ಪತ್ರ ಕೊಟ್ಟು ಶಾಲೆಯಿಂದ ಕಳುಹಿಸುವುದೆಂದು ಮಾತಾಯಿತು. ನಿಯಮಾವಳಿಯಲ್ಲಿ ಹಾಗೆಯೇ ಇದೆ. ಮುಖ್ಯೋಪಾಧ್ಯಾಯಿನಿ ನನಗೆ ಅದನ್ನು ತೋರಿಸಿದರು. ಮೂವತ್ತನಾಲ್ಕು ವರ್ಷ ಭಾಷಾಪಂಡಿತನಾಗಿ ಸೇವೆ ಸಲ್ಲಿಸಿದವನು ನಾನು. ಇಂಥ ನಿಯಮಗಳನ್ನು ಬರೆದ ಕೈಗಳಲ್ಲಿ ನನ್ನದೂ ಒಂದು. ನನ್ನ ಬೆತ್ತಕ್ಕೆ ಮಕ್ಕಳು ವ್ಯಾಕರಣ ಎಂದು ಹೆಸರಿಟ್ಟಿದ್ದುದು ನಿನಗೆ ನೆನಪಿರಬೇಕು: "ಇವತ್ತು ವ್ಯಾಕರಣ ಬಂದಿದೆ ಕಣ್ರೋ, ಸುಮ್ನಿರಿ." ಹೀಗಿರುವಾಗ ವಾದ ಮಾಡಲು ಬಾಯಿ ಬರಲಿಲ್ಲ. ಮನೆಗೆ ಬಂದವನೇ ನನಗೆ ತಿಳಿದ ಉಪಾಯವೊಂದನ್ನು ಮಾಡಿದೆ. ಒಂದು ಕ್ಷಮಾಪಣೆಯ ಪತ್ರವನ್ನು ನಾನೇ ರಚಿಸಿ, ಮೊಮ್ಮಗಳಿಂದ ಮೂರು ಸಲ ನಕಲು ಮಾಡಿಸಿ, ದುಂಡಗಿನ ಅಕ್ಷರದ ಪ್ರತಿಯನ್ನು ಆರಿಸಿ ಕಳುಹಿಸಿದೆ. "ಅಜ್ಞಾನಜನಿತವಾದ ಈ ದುರ್ವರ್ತನೆಯಿಂದ ತಮ್ಮ ಸಹೃದಯಕ್ಕೆ ಉಂಟಾದ ಕ್ಲೇಶವನ್ನು ನೆನೆದು ನನ್ನ ಅಂತಃಕರಣವು ಅಹರ್ನಿಶಿ ದಹಿಸುತ್ತಿದೆ" ಎಂದು ಆರಂಭ. ನಾಲ್ಕನೆಯ ದಿನ ಅದೇ ಲಕೋಟೆ ತಿರುಗಿ ಬಂದಿತು. ಕೆಳಗೆ ಪೆನ್ಸಿಲಿನಲ್ಲಿ ಒಂದು ಸಾಲು: "ಕನ್ನಡ ಬಹಳ ಚೆನ್ನಾಗಿದೆ. ಆದರೆ ಇದನ್ನು ಬರೆದವರು ನನಗೆ ಏನೂ ಮಾಡಿಲ್ಲ."

ಆ ಲಕೋಟೆಯನ್ನು ತಂದವರು ಶಾಲೆಯ ವ್ಯಾಯಾಮದ ಮೇಷ್ಟ್ರು. ಕೊರಳಲ್ಲಿ ಸೀಟಿ, ಕಾಲಿಗೆ ಮೈದಾನದ ಧೂಳು ಹಿಡಿದ ಬೂಟು. ನಡುಮನೆಯಲ್ಲಿ ಕುಳಿತು ಚಹಾ ಕುಡಿಯುತ್ತ ಅವರು ಹೇಳಿದ್ದಿಷ್ಟು: ಲೈಬ್ರರಿ ಮಿಸ್ ಒಪ್ಪಿದ್ದಾರೆ, ಮುಖ್ಯೋಪಾಧ್ಯಾಯಿನಿಯೂ ಒಪ್ಪಿದ್ದಾರೆ, ಸಂಬಂಧಪಟ್ಟವರೆಲ್ಲ ಒಂದು ವರ್ತುಲದಲ್ಲಿ ಕುಳಿತು ಮಾತಾಡುವುದು, ಏನಾಯಿತು, ಯಾರಿಗೆ ನೋವಾಯಿತು, ಕೆಟ್ಟದ್ದನ್ನು ಸರಿಪಡಿಸಲು ಯಾರು ಏನು ಮಾಡಬೇಕು, ಈ ಮೂರೇ ಪ್ರಶ್ನೆ. ಅಲ್ಲಿ ಎಲ್ಲರಿಗೂ ಒಪ್ಪಿತವಾದರೆ ವರ್ಗಾವಣೆಯಿಲ್ಲ. ಆಗದಿದ್ದರೆ ನಿಯಮ ತನ್ನ ದಾರಿ ಹಿಡಿಯುತ್ತದೆ. ತೀರ್ಪು ಕೊಡುವವರು ಯಾರೆಂದು ಕೇಳಿದೆ. "ಯಾರೂ ಇಲ್ಲ ಸರ್. ನಾನು ಮೈದಾನದಲ್ಲಿ ದಿನಾ ಔಟು, ನಾಟೌಟು ಅಂತ ತೀರ್ಪು ಕೊಟ್ಟು ಕೊಟ್ಟು ಸುಸ್ತಾಗಿದೀನಿ. ಅಲ್ಲಿ ಸುಮ್ನೆ ಕೇಳಿಸ್ಕೋತೀನಿ" ಎಂದರು. ಇದೇ ಮನುಷ್ಯ ಎರಡು ವರ್ಷದಿಂದ ಪ್ರತಿ ಸೋಮವಾರ ಒಂದೊಂದು ತರಗತಿಯನ್ನು ನೆಲದ ಮೇಲೆ ದುಂಡಗೆ ಕೂರಿಸಿ, ಮಕ್ಕಳು ತಮ್ಮ ವಾರ ಹೇಗೆ ಕಳೆಯಿತೆಂದು ಒಬ್ಬರಾದ ಮೇಲೊಬ್ಬರು ಹೇಳುವಂತೆ ಮಾಡುತ್ತಿದ್ದರು. ಬೀಜಗಣಿತಕ್ಕೆ ಸಲ್ಲಬೇಕಾದ ಒಂದು ಪೀರಿಯಡ್ಡು ಹರಟೆಗೆ ಹೋಯಿತೆಂದು ನಾನು ಚಿನಕುರುಳಿಯ ಮುಂದೆ ಆಡಿಕೊಂಡದ್ದುಂಟು. ಆ ಮಾತನ್ನು ಈಗ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ; ಏಕೆಂಬುದು ಮುಂದೆ ತಿಳಿಯುವುದು.

ಹದಿನಾಲ್ಕನೆಯ ತಾರೀಖು, ಬೆಳಿಗ್ಗೆ ಹತ್ತು ಗಂಟೆ. ಹೊರಡುವಾಗ ನಿನ್ನ ಹೆಂಡತಿ ನನ್ನ ಶಾಲನ್ನು ಸರಿಪಡಿಸುವ ನೆಪದಲ್ಲಿ ಹತ್ತಿರ ಬಂದು, "ಮಾವ, ಅಲ್ಲಿ ದಯವಿಟ್ಟು ಭಾಷಣ ಬೇಡ. ಯಾರಾದ್ರೂ ಕೇಳಿದ್ರೆ ಮಾತ್ರ ಮಾತಾಡಿ. ಕೇಳಿದ್ರೂ ಸ್ವಲ್ಪಾನೇ ಮಾತಾಡಿ" ಎಂದಳು. ನಾನು ಗಂಭೀರವಾಗಿ ತಲೆಯಾಡಿಸಿದೆ. ಸಭೆ ಸೇರಿದ್ದು ಅದೇ ಗ್ರಂಥಾಲಯದಲ್ಲಿ. ಹತ್ತು ದಿನ ಮುಚ್ಚಿದ್ದ ಕೋಣೆಗೆ ಹಳೆಯ ಕಾಗದದ, ಅಂಟಿನ ವಾಸನೆ. ಕುರ್ಚಿಗಳು ಚಿಕ್ಕ ಮಕ್ಕಳವು. ಕುಳಿತಾಗ ಮಂಡಿಗಳು ಎದೆಯ ಎತ್ತರಕ್ಕೆ ಬಂದು, ಮುಖ್ಯೋಪಾಧ್ಯಾಯಿನಿಯಂಥ ಮುಖ್ಯೋಪಾಧ್ಯಾಯಿನಿಯೂ ಎರಡನೆಯ ತರಗತಿಯ ಹುಡುಗಿಯಂತೆ ಕಂಡರು. ನಾವು ಆರು ಜನ: ಅವರು, ಲೈಬ್ರರಿ ಮಿಸ್, ವ್ಯಾಯಾಮದ ಮೇಷ್ಟ್ರು, ಸೊಸೆ, ಚಿನಕುರುಳಿ, ನಾನು. ಅಲ್ಲಿಯ ಕಟ್ಟಳೆಯೊಂದಿದೆ. ಒಂದು ವಸ್ತು ಕೈಯಿಂದ ಕೈಗೆ ಸಾಗುತ್ತದೆ. ಅದು ಯಾರ ಕೈಯಲ್ಲಿದೆಯೋ ಅವರದೇ ಮಾತು, ಉಳಿದವರದು ಬರಿಯ ಕಿವಿ. ಯಾವ ವಸ್ತುವೆಂದು ಆರಿಸುವ ಹಕ್ಕು ನೋವುಂಡವರದು. ಲೈಬ್ರರಿ ಮಿಸ್ ಎದ್ದು ತನ್ನ ಮೇಜಿನ ಖಾನೆಯಿಂದ ತಾರೀಖಿನ ಮೊಹರನ್ನು ತಂದಳು. ಮರದ ಹಿಡಿ ಅವಳ ಹೆಬ್ಬೆರಳು ತಾಗಿ ತಾಗಿ ಒಂದು ಕಡೆ ತಗ್ಗಾಗಿದೆ. ಅದರ ರಬ್ಬರು ಅಂಕಿಗಳು ಇನ್ನೂ ನವೆಂಬರ್ ಎರಡರಲ್ಲೇ ನಿಂತಿದ್ದವು.

ಮೊದಲು ಮೊಹರು ನಿನ್ನ ಮಗಳ ಕೈಗೆ ಬಂದಿತು. ಮನೆಯಲ್ಲಿ ಪಟಪಟನೆ ಸಿಡಿಯುವ ಹುಡುಗಿ ಅಲ್ಲಿ ತನ್ನ ಬೂಟಿನ ದಾರವನ್ನು ನೋಡುತ್ತ, ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಗೆಳತಿಯ ಮೇಲೆ ಹಾಕಲಿಲ್ಲ. "ಎಲ್ಲಾರೂ ನಗ್ತಿದ್ರು. ನಂಗೆ ಖುಷಿ ಆಯ್ತು" ಎಂದಳು. ಅಷ್ಟು ಬಿಚ್ಚಿ ಹೇಳಬೇಕಿತ್ತೇ ಎಂದು ನಾನು ಒಳಗೊಳಗೇ ಹಲ್ಲು ಕಚ್ಚಿದೆ. ವ್ಯಾಯಾಮದ ಮೇಷ್ಟ್ರು ಮಾತ್ರ ಸುಮ್ಮನೆ ತಲೆಯಾಡಿಸಿದರು. ಎರಡು ವರ್ಷದ ಸೋಮವಾರಗಳು ಆ ಮಗುವಿಗೆ ಕಲಿಸಿದ್ದು ಅದನ್ನೇ ಎಂದು ಆಗ ತಿಳಿಯಿತು: ವರ್ತುಲದಲ್ಲಿ ಕುಳಿತಾಗ ಅಲಂಕಾರ ಬೇಡ.

ಆಮೇಲೆ ಮೊಹರು ಲೈಬ್ರರಿ ಮಿಸ್‌ನ ಕೈಗೆ. ಆಕೆ ಬಹಳ ಹೊತ್ತು ತೆಗೆದುಕೊಂಡಳು. ಒಂದೊಂದು ಶಬ್ದವೂ ಕಡಿದಾದ ಮೆಟ್ಟಿಲು ಹತ್ತಿದಂತೆ ಮೇಲೆ ಬರುತ್ತಿತ್ತು, ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಿತ್ತು. "ಆವತ್ತು ಮೈಕ್ ಮುಂದೆ ನಿಂತಾಗ, ಅಷ್ಟೂ ಮ... ಮಕ್ಕಳು ಕೂಗಿದಾಗ, ನಂಗೆ ಅ... ಅ... ಅ..." ಎಂದು ಅಲ್ಲಿಯೇ ಸಿಕ್ಕಿಕೊಂಡಳು. ಕಣ್ಣು ಮುಚ್ಚಿತು, ಕತ್ತಿನ ನರ ಬಿಗಿಯಿತು. ಮಗೂ, ನನ್ನಿಂದ ನೋಡಲಾಗಲಿಲ್ಲ. ಪರೋಪಕಾರವೆಂದೇ ಭಾವಿಸಿ, ಮೆಲ್ಲಗೆ, "ಅವಮಾನವಾಯಿತು" ಎಂದು ಶಬ್ದವನ್ನು ಒದಗಿಸಿದೆ. ಸೊಸೆ ನನ್ನ ತೋಳನ್ನು ಚಿವುಟಿದಳು. ವ್ಯಾಯಾಮದ ಮೇಷ್ಟ್ರು ಸಿಟ್ಟಿಲ್ಲದೆ, "ಸರ್, ಮೊಹರು ಅವರ ಕೈಲಿದೆ" ಎಂದರು. ಅಷ್ಟೆ. ಮತ್ತೆ ಎಲ್ಲರೂ ಕಾದರು. ಆಕೆ ಮೊದಲಿನಿಂದ ಹೊರಟಳು: "ಅವಮಾನ ಅಲ್ಲ. ಅ... ಅಪ್ಪನ ನೆನಪಾಯ್ತು. ನಾನು ಬಾಯಿ ತೆಗೆದ್ರೆ ಸಾಕು, ನಮ್ಮಪ್ಪ ಮುಂದಿನ ಮಾತು ಹೇ... ಹೇಳಿಬಿಡೋರು. ಪಾಪ, ಪ್ರೀತಿಯಿಂದಾನೇ. ಯಾವಾಗ್ಲೂ ತಪ್ಪು ಮಾತು. ನಾನು ನೀರು ಕೇಳೋಕೆ ಹೋದ್ರೆ ನಿದ್ದೆ ಬಂತಾ ಅನ್ನೋರು. ಸುಮ್ನೆ ಹೋಗಿ ಮ... ಮಲಗ್ತಿದ್ದೆ. ಆವತ್ತು ಇನ್ನೂರು ಮಕ್ಕಳು ನನ್ನ ಮಾತು ಹೇಳಿಬಿಟ್ರು. ಈ ಶಾಲೇಲಾದ್ರೂ ನನ್ನ ಮಾತು ನಂದಾಗಿದೆ ಅಂದ್ಕೊಂಡಿದ್ದೆ."

ಆಮೇಲೆ ಆಕೆ ನಿನ್ನ ಮಗಳ ಕಡೆ ತಿರುಗಿ, ಕೋಪದಿಂದಲ್ಲ, ನಿಜವಾಗಿಯೂ ತಿಳಿಯಬೇಕೆಂಬ ಆಸೆಯಿಂದ ಕೇಳಿದಳು: "ಅಷ್ಟು ಸರಿಯಾಗಿ ಹೆಂಗೆ ಮಾಡ್ದೆ? ಕ... ಕಣ್ಣು ಮುಚ್ಚೋದು, ಕತ್ತು ಅಲುಗಿಸೋದು. ಎಲ್ಲಿ ಕಲಿತೆ?" ಮೊಹರನ್ನು ಹುಡುಗಿಯ ಕೈಗೆ ಕೊಟ್ಟಳು. ಚಿನಕುರುಳಿ ನನ್ನನ್ನು ನೋಡಲಿಲ್ಲ. "ಮನೇಲಿ ಅಜ್ಜ ಮಾಡಿ ತೋರಿಸ್ತಾರೆ. ಅಪ್ಪ ಚಿಕ್ಕೋರಿದ್ದಾಗ ಸ್ಟೇಜ್ ಮೇಲೆ ಪದ್ಯ ಹೇಳಿದ್ದು. ಮನೆಗೆ ಯಾರು ಬಂದ್ರೂ ಅಜ್ಜ ಆ ಕಥೆ ಹೇಳ್ತಾರೆ. ಎಲ್ಲಾರೂ ನಗ್ತಾರೆ. ಅಪ್ಪಾನೂ ನಗ್ತಾರೆ. ಅದು ತಮಾಷೆ ಅಂದ್ಕೊಂಡಿದ್ದೆ."

ಆ ದಿನವನ್ನು ನಿನಗೆ ನೆನಪಿಸುವ ಅಗತ್ಯವಿಲ್ಲ; ಆದರೂ ಸತ್ಯವಾಗಿ ಬರೆಯಬೇಕಾದ್ದು ನನ್ನ ಕರ್ತವ್ಯ. ನಿನಗೆ ಒಂಬತ್ತು ವರ್ಷ. ಬಹುಮಾನ ವಿತರಣೆಯ ಸಮಾರಂಭ. ನಾಲ್ಕು ಸಾಲಿನ ಪದ್ಯ, ನಾನೇ ಹೇಳಿಕೊಟ್ಟಿದ್ದೆ. ಮೊದಲ ಸಾಲನ್ನು ನೀನು ಸೊಗಸಾಗಿ ಹೇಳಿದೆ. ಎರಡನೆಯ ಸಾಲಿನ ಮೊದಲ ಅಕ್ಷರದಲ್ಲಿ ನಿಂತೆ. ಸಭೆ ನಿಶ್ಶಬ್ದವಾಗಿತ್ತು, ಯಾರೂ ನಕ್ಕಿರಲಿಲ್ಲ. ಇದನ್ನು ನಾನು ಯಾವ ಸಲವೂ ಆ ಕಥೆಯಲ್ಲಿ ಸೇರಿಸಲಿಲ್ಲ. ವೇದಿಕೆಯ ಮೇಲೆ ಅಧ್ಯಾಪಕರ ಸಾಲಿನಲ್ಲಿದ್ದ ನಾನು ಎದ್ದುನಿಂತು ಉಳಿದ ಮೂರು ಸಾಲನ್ನೂ ತುಂಬುಕಂಠದಲ್ಲಿ ಹೇಳಿ ಮುಗಿಸಿದೆ. ಚಪ್ಪಾಳೆ ಬಿದ್ದಿತು. ಮಗನನ್ನು ಪಾರುಮಾಡಿದೆನೆಂದು ನಾನು ಬೀಗಿದೆ. ನೀನು ಮೆಟ್ಟಿಲಿಳಿದು ಹೋಗಿ ನಿನ್ನ ತಾಯಿಯ ಪಕ್ಕದಲ್ಲಿ ಕುಳಿತೆ. ಮನೆಗೆ ಬಂದಮೇಲೆ ಆಕೆ ಒಂದೇ ಮಾತು ಕೇಳಿದಳು: "ಮಗು ಹೇಳ್ತಿದ್ದ. ನೀವ್ಯಾಕೆ ಎದ್ರಿ?" ನಾನು ಅದನ್ನು ಉತ್ತರಕ್ಕೆ ಯೋಗ್ಯವಾದ ಪ್ರಶ್ನೆಯೆಂದೇ ಗಣಿಸಲಿಲ್ಲ. ಆಕೆ ಕಣ್ಮುಚ್ಚಿ ಎಂಟು ವರ್ಷವಾಯಿತು. ಉತ್ತರ ಈಗ ಸಿದ್ಧವಾಗಿದೆ, ಕೇಳಲು ಆಕೆಯಿಲ್ಲ. ಉಗ್ಗು ಎಂಬ ಶಬ್ದವನ್ನು ನಿನ್ನ ವಿಷಯದಲ್ಲಿ ನಮ್ಮ ಮನೆಯಲ್ಲಿ ಯಾರೂ ಆಡಿದ್ದಿಲ್ಲ. "ನಾಲಿಗೆ ಸ್ವಲ್ಪ ತಡ" ಎನ್ನುತ್ತಿದ್ದೆವು. ತಡವಾದುದಕ್ಕೆ ಕಾಯಬೇಕೆಂಬ ಸರಳವಾದ ತಿಳಿವು ಮಾತ್ರ ಈ ಪಂಡಿತನಿಗೆ ಹೊಳೆಯಲಿಲ್ಲ. ಪ್ರತಿದಿನ ದೇವರ ಮುಂದೆ ನಿನ್ನ ನಾಲಿಗೆಯನ್ನು ಸರಾಗಗೊಳಿಸೆಂದು ಬೇಡಿದೆ. ನನ್ನ ನಾಲಿಗೆಯನ್ನು ಹಿಡಿದು ನಿಲ್ಲಿಸೆಂದು ಒಂದು ದಿನವೂ ಬೇಡಲಿಲ್ಲ.

ಮೊಹರು ನನ್ನ ಕೈಗೆ ಬಂದಿತು. ಸಾವಿರಾರು ಜನರ ಮುಂದೆ ಗಂಟೆಗಟ್ಟಲೆ ಉಪನ್ಯಾಸ ಮಾಡಿದವನು ನಾನು. ಬಾಯಿ ತೆರೆದೆ, ಮಾತು ಬರಲಿಲ್ಲ. ಎಷ್ಟು ಹೊತ್ತೆಂದು ತಿಳಿಯದು. ಸೊಸೆ ಆಮೇಲೆ ಹೇಳಿದಂತೆ ಒಂದು ನಿಮಿಷಕ್ಕೆ ಕಡಿಮೆಯಿಲ್ಲ. ಆ ನಿಮಿಷದಲ್ಲಿ ಯಾರಾದರೂ ಒಂದು ಶಬ್ದವನ್ನು ಒದಗಿಸಬಾರದೇ ಎಂದು ನಾನು ಎದುರಿಗಿದ್ದವರ ಮುಖ ನೋಡಿದೆ. ಲೈಬ್ರರಿ ಮಿಸ್ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಆ ಸ್ಥಿತಿಯ ಪರಿಚಯ ಎಷ್ಟು ಚೆನ್ನಾಗಿತ್ತೆಂದರೆ, ಅವಳ ಕಣ್ಣಿನಲ್ಲಿ ಅವಸರವೂ ಇರಲಿಲ್ಲ, ಮರುಕವೂ ಇರಲಿಲ್ಲ. ನಿಧಾನವಾಗಿ ಬನ್ನಿ, ನಾವು ಇಲ್ಲೇ ಇದ್ದೇವೆ ಎನ್ನುವಂತಿತ್ತು. ಅಂಥ ನೋಟವನ್ನು ನಾನು ನಿನ್ನ ಕಡೆ ಒಂದು ದಿನವೂ ಬೀರಿದ್ದಿಲ್ಲವಲ್ಲಾ ಎಂದು ಎದೆ ಒಡೆಯಿತು. ಕೊನೆಗೆ ಹೊರಬಂದದ್ದು ಒಂದೇ ವಾಕ್ಯ, ಅದೂ ಗ್ರಂಥಸ್ಥವಲ್ಲ: "ಇದನ್ನ ಅವಳಿಗೆ ಕಲಿಸ್ದೋನು ನಾನು."

ಮುಂದಿನದು ಒಪ್ಪಂದ. ವ್ಯಾಯಾಮದ ಮೇಷ್ಟ್ರು ಆಟದ ಅಂಕ ಬರೆಯುವ ಪುಸ್ತಕದಲ್ಲಿಯೇ ಬರೆದುಕೊಂಡರು. ಚಿನಕುರುಳಿ ತಾನಾಗಿಯೇ, ಪ್ರತಿ ತರಗತಿಗೂ ತಾನೇ ಹೋಗಿ ಎದುರು ನಿಂತು ಫೋನಿನಲ್ಲಿರುವ ಆ ಚಿತ್ರಿಕೆಯನ್ನು ಅಳಿಸಲು ಕೇಳಿಕೊಳ್ಳುವೆನೆಂದಳು. ಲೈಬ್ರರಿ ಮಿಸ್ ಕೇಳಿದ್ದು ಬೇರೆ. ಶನಿವಾರಗಳಂದು ಒಂದನೆಯ ತರಗತಿಯ ಮಕ್ಕಳಿಗೆ ಕಥೆ ಓದಿ ಹೇಳಬೇಕೆಂಬ ಆಸೆ ಅವಳಿಗೆ ಹದಿನಾರು ವರ್ಷದಿಂದ ಇದೆಯಂತೆ, ಧೈರ್ಯವಿರಲಿಲ್ಲ. "ನಾನು ಓದ್ತೀನಿ. ನೀನು ಪಕ್ಕದಲ್ಲಿ ಕೂತು ಪು... ಪುಟ ತಿರುಗಿಸು. ನಾನು ನಿಂತ್ರೆ ನೀನೂ ನಿಲ್ಲು. ಸಹಾಯ ಮಾಡ್ಬೇಡ." ಮುಖ್ಯೋಪಾಧ್ಯಾಯಿನಿ, ಮೈಕಿಗೆ ಯಾವಾಗ ಮರಳುವಿರೆಂದು ಕೇಳಿದಾಗ, "ಈಗಲ್ಲ" ಎಂದು ಖಚಿತವಾಗಿ ನುಡಿದಳು. ಚಿನಕುರುಳಿ ಎದ್ದು ಹೋಗಿ ಕ್ಷಮೆ ಕೇಳಿದಳು, ತನ್ನದೇ ಮಾತಿನಲ್ಲಿ, ನಾಲ್ಕೇ ಶಬ್ದ. ಅದಕ್ಕೆ ಆಕೆ, "ಕ್ಷಮಿಸ್ದೆ ಅಂತ ಇವತ್ತೇ ಹೇಳಲ್ಲ ಪುಟ್ಟಿ. ಶನಿವಾರ ಬಾ, ನೋಡೋಣ" ಎಂದಳು. ನನಗೆ ಆ ಉತ್ತರ ಬಹಳ ಹಿಡಿಸಿತು. ಕೇಳಿದ ಕೂಡಲೇ ದೊರೆಯುವ ಕ್ಷಮೆಗಿಂತ, ಶನಿವಾರ ಬಾ ಎನ್ನುವ ಬಾಗಿಲು ದೊಡ್ಡದು.

ಇನ್ನು ಯಾರದಾದರೂ ಸೇರಿಸುವುದಿದೆಯೇ ಎಂದಾಗ ನಾನು ಕೈಯೆತ್ತಿದೆ. ನನ್ನದೂ ಒಂದು ಸಾಲು ಇರಲೆಂದೆ. ಲೈಬ್ರರಿ ಮಿಸ್ ನನ್ನ ಮಗ ಈಗ ಎಲ್ಲಿರುವನೆಂದು ವಿಚಾರಿಸಿದಳು. ಹಡಗಿನ ಇಂಜಿನ್ ಕೋಣೆಯಲ್ಲಿ ಕೆಲಸವೆಂದೆ. "ಅಲ್ಲಿ ತುಂಬಾ ಗದ್ದಲ ಇರುತ್ತಲ್ವಾ? ಎಲ್ಲಾರೂ ಕೈಸನ್ನೇಲೇ ಮಾತಾಡ್ತಾರೆ" ಎಂದು, ನಸುನಕ್ಕು, "ಒಳ್ಳೇ ಜಾಗ" ಎಂದಳು. ಮಗೂ, ಊರಿನಲ್ಲೇ ಒಳ್ಳೆಯ ಕೆಲಸಗಳಿದ್ದರೂ ನೀನು ಆ ಬಿಸಿ, ಆ ಎಣ್ಣೆ, ಆ ಕಿವುಡುಗೊಳಿಸುವ ಸದ್ದನ್ನೇ ಏಕೆ ಆರಿಸಿದೆಯೆಂದು ನಾನು ಹದಿನೈದು ವರ್ಷ ಕಂಡಕಂಡವರನ್ನು ಕೇಳಿದ್ದೇನೆ. ನಿನ್ನನ್ನು ಕಂಡೇ ಇರದ ಹೆಂಗಸು ಅರೆ ಕ್ಷಣದಲ್ಲಿ ತಿಳಿದಳು. ಮೇಷ್ಟ್ರು ಅಂಕದ ಪುಸ್ತಕದಲ್ಲಿ ಬರೆದರು: "ಅಜ್ಜ: ಮಗನಿಗೆ ಪತ್ರ. ಒಂದು ವಾರದೊಳಗೆ." ಇಂದಿಗೆ ಆ ವಾರ ಮುಗಿಯುತ್ತದೆ.

ಎದ್ದು ಹೊರಡುವ ಮುನ್ನ ಲೈಬ್ರರಿ ಮಿಸ್ ಮೊಹರನ್ನು ತನ್ನ ಮೇಜಿಗೆ ಒಯ್ದಳು. ಹೆಬ್ಬೆರಳಿನಿಂದ ಆ ಪುಟ್ಟ ಚಕ್ರಗಳನ್ನು ತಿರುಗಿಸಿ ಎರಡನ್ನು ಹದಿನಾಲ್ಕು ಮಾಡಿ, ಒಂದು ಹಾಳೆಯ ಮೇಲೆ ಒತ್ತಿ ನೋಡಿದಳು. ವರ್ಗಾವಣೆಯ ಮಾತು ಅಲ್ಲಿಗೆ ಮುಗಿಯಿತೆಂದು ಮುಖ್ಯೋಪಾಧ್ಯಾಯಿನಿ ಹೊರಗೆ ಬಂದಮೇಲೆ ಸೊಸೆಗೆ ತಿಳಿಸಿದರಂತೆ. ನನಗೆ ಅದು ಮೊಹರಿನ ಸದ್ದಿನಲ್ಲೇ ತಿಳಿದಿತ್ತು. ಮೊನ್ನೆ ಶನಿವಾರ ಮೊದಲ ಕಥೆ ಓದಿದ್ದಾಯಿತು. ಆನೆಯ ಕಥೆ. ಒಂದನೆಯ ತರಗತಿಯ ಮಕ್ಕಳು ಆಕೆ ನಿಂತಲ್ಲೆಲ್ಲ ಮುಂದೇನೋ ಭಯಂಕರವಾದದ್ದು ಬರಲಿದೆಯೆಂದೇ ತಿಳಿದು ಬಾಯಿ ತೆರೆದುಕೊಂಡು ಕಾದರಂತೆ. "ಅಜ್ಜ, ಆನೆ ಬರೋಕೆ ಮುಂಚೆ ಮಿಸ್ ಎಷ್ಟೊತ್ತು ನಿಂತ್ರು ಗೊತ್ತಾ? ಒಂದು ಮಗು ಹೆದ್ರಿ ನನ್ನ ತೊಡೆ ಮೇಲೇ ಕೂತುಬಿಡ್ತು!" ಎಂದು ಚಿನಕುರುಳಿ ಕುಣಿಯುತ್ತ ಬಂದಳು. ಎಲ್ಲವೂ ಸರಿಹೋಯಿತೆಂದು ಬರೆಯಲಾರೆ. ಮೇಲಿನ ತರಗತಿಯ ಕೆಲವರು ಇನ್ನೂ ಆಡಿಕೊಳ್ಳುತ್ತಾರಂತೆ, ಎಂಟನೆಯ ತರಗತಿಯಲ್ಲಿ ಅಳಿಸಲು ಕೇಳಹೋದಾಗ ಇವಳನ್ನೇ ಗೇಲಿ ಮಾಡಿದರಂತೆ. ಅತ್ತುಕೊಂಡು ಬಂದಳು; ಮರುದಿನ ಮತ್ತೆ ಹೋದಳು.

ನಾನು ನಿನ್ನಲ್ಲಿ ಕ್ಷಮೆ ಕೇಳುತ್ತೇನೆ. ಆ ವೇದಿಕೆಯ ಮೂರು ಸಾಲಿಗೆ, ಆಮೇಲೆ ಅದನ್ನು ನಗೆಯ ಸರಕು ಮಾಡಿ ನಿನ್ನ ಮಗಳ ಮುಂದೆಯೇ ಬಡಿಸಿದ್ದಕ್ಕೆ, ಊಟದ ಹೊತ್ತಿನಲ್ಲಿ, ದಾರಿಯಲ್ಲಿ, ಫೋನಿನಲ್ಲಿ ನಿನ್ನ ಬಾಯಿಂದ ಕಸಿದುಕೊಂಡ ಲೆಕ್ಕವಿಲ್ಲದ ಮಾತುಗಳಿಗೆ. ಆ ಕಥೆಯನ್ನು ಇನ್ನು ಈ ಮನೆಯಲ್ಲಿ ಯಾರಿಗೂ ಹೇಳುವುದಿಲ್ಲ. ಕ್ಷಮಿಸಿದೆನೆಂದು ನೀನು ಕೂಡಲೇ ಬರೆಯಬೇಕಾಗಿಲ್ಲ. ನಿಧಾನವಾಗಿ ನೋಡೋಣ. ಕಿವಿಯ ಮುಚ್ಚಳ ಮರೆಯಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಜೊತೆಯ ಕೆಲಸಗಾರರಿಗೆಲ್ಲ ನನ್ನ ಶುಭಾಶಯಗಳನ್ನು ತಿಳಿಸು, ಕೈಸನ್ನೆಯಲ್ಲಾದರೂ ಸರಿಯೆ.

ಇಂತು ನಿನ್ನ ಶ್ರೇಯಸ್ಸನ್ನೇ ಬಯಸುವ,
ನಿನ್ನ ಅಪ್ಪ

ತಾ.ಕ.: ಮುಖ್ಯವಾದದ್ದನ್ನೇ ಬಿಟ್ಟೆ. ನಿನ್ನ ಹೆಂಡತಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ. ಮಧ್ಯಾಹ್ನದೊಳಗೆ ಹಡಗು ಕಂಪನಿಯ ಕಚೇರಿಗೆ ಮುಟ್ಟಿಸಿದರೆ ನಿನ್ನ ಮುಂದಿನ ಬಂದರಿಗೆ ಹೋಗುವ ಚೀಲದಲ್ಲಿ ಸೇರಿಸುವರಂತೆ. ಕಳೆದ ಸಲ ಫೋನಿನಲ್ಲಿ ನೀನು, "ಅಪ್ಪಾ, ಈ ಸಲ ನಾನು ಮನೆಗೆ ಬ... ಬ..." ಎಂದೆ. ನಾನು, "ಬರೋಕಾಗಲ್ಲ ತಾನೆ? ಗೊತ್ತು ಬಿಡಪ್ಪ, ಕೆಲಸ ಮುಖ್ಯ" ಎಂದೆ. ನೀನು "ಹೂಂ" ಎಂದೆ. ರಜೆಯಿಲ್ಲವೆಂದು ಎಲ್ಲರಿಗೂ ಸಾರಿದವನು ನಾನು. ನೀನು ಹಾಗೆ ಹೇಳಿದ್ದೇ ಇಲ್ಲ. ನಿನ್ನೆ ಚಹಾ ಕುಡಿಯುವಾಗ ಥಟ್ಟನೆ ಹೊಳೆದು ಲೋಟ ಕೆಳಗಿಟ್ಟೆ. ಆ ವಾಕ್ಯವನ್ನು ನೀನು ಹೇಗೆ ಮುಗಿಸಲಿದ್ದೆ? ಬಂದರು ಸೇರಿದ ಮೊದಲ ಭಾನುವಾರ ಫೋನು ಮಾಡಿ ಅದನ್ನು ಪೂರ್ತಿಯಾಗಿ ಹೇಳು. ಬರುವುದಿಲ್ಲವೆಂದೇ ಇದ್ದರೂ ನಿನ್ನ ಬಾಯಿಂದಲೇ ಕೇಳುವೆನು. ಎಷ್ಟು ಹೊತ್ತಾದರೂ ಆಗಲಿ. ನಾನು ಫೋನನ್ನು ಕಿವಿಗಿಟ್ಟು ಸುಮ್ಮನೆ ಕುಳಿತಿರುತ್ತೇನೆ. ಚಿನಕುರುಳಿ ಎದುರಿಗೆ ಕುಳಿತು ಅಜ್ಜನ ಬಾಯಿಗೆ ಕಾವಲಿರುವಳಂತೆ. ಮೊಹರು ನಿನ್ನ ಕೈಯಲ್ಲಿದೆ, ಮಗೂ. ಕಥೆ ಓದುವ ಆ ತಾಯಿಗೂ, ತೀರ್ಪು ಕೊಡದ ಆ ಮೇಷ್ಟ್ರಿಗೂ, ನಿಯಮದ ಪುಸ್ತಕವನ್ನು ಒಂದು ಬೆಳಗು ಮುಚ್ಚಿಟ್ಟ ಆ ಮುಖ್ಯೋಪಾಧ್ಯಾಯಿನಿಗೂ, ಕೂಗಿದ ಇನ್ನೂರು ಮಕ್ಕಳಿಗೂ, ಆನೆಗಾಗಿ ಕಾದ ಪುಟಾಣಿಗಳಿಗೂ, ನನ್ನನ್ನು ಚಿವುಟಿದ ಸೊಸೆಗೂ, ನಿನ್ನ ಸ್ವೆಟರು ತೊಟ್ಟ ಮಗಳಿಗೂ, ಕಡಲ ನಡುವಿರುವ ನಿನಗೂ ಭಗವಂತನು ಆಯುರಾರೋಗ್ಯಗಳನ್ನೂ, ಹೇಳಿ ಮುಗಿಸುವಷ್ಟು ಹೊತ್ತನ್ನೂ, ಕಾದು ಕೇಳುವವರನ್ನೂ ಕೊಟ್ಟು ಕಾಪಾಡಲಿ.